ಮೈನಸ್ ಮೈನಸ್ ಪ್ಲಸ್ ಅಂತೆ!

ಭಾನುವಾರ ದಾವಣಗೆರೆಯಿಂದ ತಂಗಿ ವಿಡಿಯೊ ಕಾಲ್ ಮಾಡಿದ್ದಳು. ಏಳನೇ ಕ್ಲಾಸಿನ ಮಗ ಲೆಕ್ಕದಲ್ಲಿ ಹಿಂದೆ ಬಿದ್ದಿದ್ದಾನೆ, ಸ್ವಲ್ಪ ನೋಡಣ್ಣ ಅಂದಳು. −3 − 4 ಎಷ್ಟಪ್ಪ ಅಂತ ಕೇಳಿದೆ. "ಮೈನಸ್ ಮೈನಸ್ ಪ್ಲಸ್. 7 ಮಾವ!" ಅಂದ, ಯೋಚನೆಯನ್ನೇ ಮಾಡದೆ.

ನಾನೂ ಹೀಗೇ ಕಲಿತವನು. ಗುಣಾಕಾರದ ಮಾತನ್ನು ತಂದು ಕೂಡುವ, ಕಳೆಯುವ ಲೆಕ್ಕಕ್ಕೂ ಹಚ್ಚಿಬಿಡುವುದು. ಮಗ್ಗಿ ಬಾಯಿಪಾಠ ಮಾಡಿಸಿದ ಮೇಷ್ಟ್ರಿಗೆ ಇವತ್ತೂ ಕೈ ಮುಗಿಯುತ್ತೇನೆ. ಆದರೆ ಚಿಹ್ನೆಗಳನ್ನೂ ಮಗ್ಗಿಯ ಹಾಗೆ ಉರು ಹೊಡೆಸಿದ್ದು ತಪ್ಪು ಅಂತ ಅನಿಸಿದ್ದು ಕೆನಡಾದ ವಿನಿಪೆಗ್‌ಗೆ ಬಂದ ಮೇಲೆ.

ಇಲ್ಲಿ ಜನವರಿಯಲ್ಲಿ ಮೈನಸ್ 30 ಅಂದರೆ ಯಾರೂ ಬೆಚ್ಚುವುದಿಲ್ಲ. −25ಕ್ಕಿಂತ −10 ದೊಡ್ಡದು ಅಂತ ಮಕ್ಕಳಿಗೆ ಹೇಳಿಕೊಡಬೇಕಾಗಿಲ್ಲ, ಮೈ ಮೇಲಿನ ಜಾಕೆಟ್ಟೇ ಹೇಳುತ್ತದೆ. ನಮ್ಮೂರಲ್ಲಿ ಸೊನ್ನೆ ಡಿಗ್ರಿ ಕಂಡವರು ಯಾರು? ನಮಗೆ ಬೇರೆ ದಾರಿ ಇತ್ತು, ಹೆಸರಲ್ಲೇ ಇತ್ತು: ಋಣ ಸಂಖ್ಯೆ. ಗಣಿತಜ್ಞ ಬ್ರಹ್ಮಗುಪ್ತ ಕ್ರಿ.ಶ. 628ರಲ್ಲೇ ಧನ, ಋಣ ಎಂದು ಕರೆದು ನಿಯಮ ಬರೆದಿಟ್ಟಿದ್ದ. ಋಣ ಅಂದರೆ ಸಾಲ ಕಣೋ ಅಂತ ಶಾಲೆಯಲ್ಲಿ ನನಗೆ ಯಾರೂ ಬಿಡಿಸಿ ಹೇಳಲಿಲ್ಲ.

"ಅಂಗಡಿಗೆ 3 ರೂಪಾಯಿ ಬಾಕಿ ಇದೆ. ಇನ್ನೂ 4 ರೂಪಾಯಿ ಉದ್ರಿ ತಂದೆ. ಈಗ ಜೇಬಲ್ಲಿ 7 ರೂಪಾಯಿ ಬಂತಾ?" ಅಂದೆ. ಹುಡುಗ ನಕ್ಕ. "ಇಲ್ಲ ಮಾವ, 7 ಬಾಕಿ."

ಸರಿ, −3 − (−4)? ಈಗ ಅವನೇ ನನ್ನನ್ನು ಹಿಡಿದ. "ಇರೋದೇ 3 ರೂಪಾಯಿ ಸಾಲ. 4 ರೂಪಾಯಿ ಸಾಲ ಹೇಗೆ ತೆಗೀತಾರೆ ಮಾವ?"

ಒಳ್ಳೆಯ ಪ್ರಶ್ನೆ ಅಲ್ವಾ? ಇಲ್ಲಿ ಸಾಲದ ಕತೆ ಕುಂಟುತ್ತದೆ. ಆಗ ನೆನಪಾಗಿದ್ದು ನನ್ನ ಮಗಳ ಶಾಲೆಯ ಬಣ್ಣದ ಬಿಲ್ಲೆಗಳು. ಹಳದಿ ಅಂದರೆ +1, ಕೆಂಪು ಅಂದರೆ −1, ಜೋಡಿ ಸೇರಿದರೆ ಸೊನ್ನೆ. ಇಷ್ಟು ದೊಡ್ಡ ಮಕ್ಕಳಿಗೆ ಇದೇನು ಬಿಲ್ಲೆ ಆಟ ಅಂತ ಒಮ್ಮೆ ಸುಮ್ನೆ ನಕ್ಕಿದ್ದೆ.

ತಂಗಿಗೆ ಹುಣಸೆ ಬೀಜ, ಶೇಂಗಾ ತರಲು ಹೇಳಿದೆ. ಹುಣಸೆ ಬೀಜ ಸಾಲ, ಶೇಂಗಾ ದುಡ್ಡು. ಹುಡುಗ ಮೂರು ಹುಣಸೆ ಬೀಜ ಇಟ್ಟ. ನಾಲ್ಕು ತೆಗೆಯಬೇಕು, ಒಂದು ಕಮ್ಮಿ. ಜೊತೆಗೆ ಒಂದು ಹುಣಸೆ ಬೀಜ, ಒಂದು ಶೇಂಗಾ ಇಡು ಅಂದೆ. ಜೋಡಿ ಸೊನ್ನೆ ತಾನೆ, ಲೆಕ್ಕ ಬದಲಾಗಲಿಲ್ಲ. ಈಗ ನಾಲ್ಕು ಹುಣಸೆ ಬೀಜ ತೆಗಿ.

ಉಳಿದಿದ್ದನ್ನು ಸ್ವಲ್ಪ ಹೊತ್ತು ನೋಡಿದ. "ಪ್ಲಸ್ 1" ಅಂದವನೇ ಶೇಂಗಾ ಬಾಯಿಗೆ ಹಾಕಿಕೊಂಡ.