ಎಣಿಸಿದರೆ ಕೆಂಪು, ಮಲಗಿದರೆ ಹಸಿರು

ನಮ್ಮ ದೇಶದಲ್ಲಿ ಆರೋಗ್ಯವಂತ ಜಿಲ್ಲೆ ಅನ್ನಿಸಿಕೊಳ್ಳುವುದು ಬಹಳ ಸುಲಭ. ಸೊಳ್ಳೆ ಓಡಿಸಬೇಕಿಲ್ಲ. ಚರಂಡಿ ಕಟ್ಟಬೇಕಿಲ್ಲ. ಖಾಲಿ ಬಿದ್ದ ಡಾಕ್ಟರ್ ಹುದ್ದೆ ತುಂಬಬೇಕಿಲ್ಲ. ಲ್ಯಾಬಿನಲ್ಲಿ ಕಿಟ್ ಮುಗಿದುಹೋದರೆ ಸಾಕು. ಕಿಟ್ ಇಲ್ಲ ಅಂದರೆ ಟೆಸ್ಟ್ ಇಲ್ಲ, ಟೆಸ್ಟ್ ಇಲ್ಲ ಅಂದರೆ ಕೇಸಿಲ್ಲ, ಕೇಸಿಲ್ಲ ಅಂದರೆ ನಕ್ಷೆಯಲ್ಲಿ ಇಡೀ ಜಿಲ್ಲೆ ಹಸಿರು. ರೋಗಿ ಮಾತ್ರ ಮೊದಲಿನ ಹಾಗೇ ನಡುಗುತ್ತಾ ಮಲಗಿರುತ್ತಾನೆ. ಪಾಪ, ಅವನು ನಕ್ಷೆಯಲ್ಲಿ ಕಾಣುವಷ್ಟು ದೊಡ್ಡವನಲ್ಲ.

ಈ ನಕ್ಷೆ ರಿವ್ಯೂ ಮೀಟಿಂಗಿನ ಪರದೆ ಮೇಲೆ ಬಿದ್ದಾಗ ನೋಡಬೇಕು. ಕೆಂಪು ಜಿಲ್ಲೆಯ ಅಧಿಕಾರಿ ಎದ್ದು ನಿಲ್ಲುತ್ತಾರೆ. "ಏನ್ರೀ ಇದು, ನಿಮ್ಮಲ್ಲೇ ಯಾಕೆ ಇಷ್ಟು ಜಾಸ್ತಿ?" "ಸರ್, ನಮ್ಮ ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೋಗಿ ಜ್ವರ ಇದ್ದವರನ್ನೆಲ್ಲ ಹುಡುಕಿದರು, ಎಲ್ಲರ ರಕ್ತ ಟೆಸ್ಟಿಗೆ ಕಳಿಸಿದೆವು." "ಅಷ್ಟೊಂದು ಹುಡುಕಿ ಅಂದಿದ್ಯಾರು?" ಪಕ್ಕದಲ್ಲಿ ಹಸಿರು ಜಿಲ್ಲೆಯವರು ಕಾಲ ಮೇಲೆ ಕಾಲು ಹಾಕಿ ಕೂತಿರುತ್ತಾರೆ. ಅವರ ತಂತ್ರಜ್ಞರ ಹುದ್ದೆ ಖಾಲಿಯಾಗಿ ಎರಡು ಮಳೆಗಾಲ ಆಗಿದೆ. ಮುಂದಿನ ತಿಂಗಳ ಹೊತ್ತಿಗೆ ಕೆಂಪು ಜಿಲ್ಲೆಯವರಿಗೂ ಬುದ್ಧಿ ಬಂದಿರುತ್ತದೆ. ಹುಡುಕುವುದು ಅರ್ಧ ಆಗುತ್ತದೆ, ಕೇಸೂ ಅರ್ಧ ಆಗುತ್ತದೆ, "ಚೆನ್ನಾಗಿ ಕಂಟ್ರೋಲ್‌ಗೆ ತಂದ್ರಿ" ಅಂತ ಶಭಾಷ್‌ಗಿರಿ ಸಿಗುತ್ತದೆ.

ಹಾಗಂತ ವ್ಯವಸ್ಥೆಯೇ ಇಲ್ಲ ಅನ್ನುವ ಹಾಗಿಲ್ಲ. 2004ರಿಂದ ಸಮಗ್ರ ರೋಗ ಕಣ್ಗಾವಲು ಯೋಜನೆ ಅಂತ ಒಂದಿದೆ. ಎಸ್ ಫಾರಂ ಹಳ್ಳಿಯ ಆರೋಗ್ಯ ಸಹಾಯಕಿ (ಎಎನ್‌ಎಂ) ತುಂಬಬೇಕು, ಪಿ ಫಾರಂ ಡಾಕ್ಟರ್, ಎಲ್ ಫಾರಂ ಲ್ಯಾಬಿನವರು. ಯೋಚನೆ ನಿಜವಾಗಿಯೂ ಚೆನ್ನಾಗಿದೆ. 2021ರಲ್ಲಿ ಹೊಸ ಪೋರ್ಟಲ್ ಕೂಡ ಬಂತು, ಈಗ ವಾರಗಟ್ಟಲೆ ಕಾಯಬೇಕಿಲ್ಲ. ತೊಂದರೆ ಇರುವುದು ಸೊನ್ನೆಯಲ್ಲಿ. ಹುಡುಕಿ ಏನೂ ಸಿಗದಿದ್ದರೂ ಸೊನ್ನೆ, ಹುಡುಕದೇ ಮನೆಗೆ ಹೋದರೂ ಸೊನ್ನೆ. ಎರಡೂ ಒಂದೇ ಥರ ಗುಂಡಗಿರುತ್ತವೆ.

ಡೆಂಗಿಯನ್ನೇ ತಗೊಳ್ಳಿ. ಜ್ವರ ಬಂದವರು ಖಾಸಗಿ ಕ್ಲಿನಿಕ್‌ಗೆ ಹೋಗುತ್ತಾರೆ. ಅಲ್ಲಿ ಬೆರಳುದ್ದದ ಕಾರ್ಡಿನ ಮೇಲೆ ಒಂದು ಹನಿ ರಕ್ತ ಬಿಡುತ್ತಾರೆ, ಗೆರೆ ಮೂಡುತ್ತದೆ, ಡಾಕ್ಟರ್ ಡೆಂಗಿ ಅನ್ನುತ್ತಾರೆ, ಮನೆಯವರೆಲ್ಲ ಪ್ಲೇಟ್‌ಲೆಟ್ ಎಷ್ಟಾಯ್ತು ಅಂತ ಷೇರುಪೇಟೆ ನೋಡುವವರ ಹಾಗೆ ಬೆಳಿಗ್ಗೆ ಸಂಜೆ ನೋಡುತ್ತಾರೆ, ಕೊನೆಗೆ ಬಿಲ್ಲಿನಲ್ಲೂ ಡೆಂಗಿ ಅಂತಲೇ ಇರುತ್ತದೆ. ಸರ್ಕಾರದ ಲೆಕ್ಕದಲ್ಲಿ ಮಾತ್ರ ಅದಿನ್ನೂ ಡೆಂಗಿ ಅಲ್ಲ. ಅಲ್ಲಿ ಲ್ಯಾಬಿನಲ್ಲಿ ಮಾಡುವ ಎಲೈಸಾ ರಕ್ತಪರೀಕ್ಷೆಯಲ್ಲಿ ಖಚಿತವಾಗಬೇಕು, ಕಾರ್ಡಿನದ್ದು ಬರೀ ಶಂಕಿತ. ಕಾರ್ಡ್ ತಪ್ಪು ತೋರಿಸುವುದೂ ಉಂಟು, ಹಾಗಾಗಿ ನಿಯಮಕ್ಕೆ ಕಾರಣ ಇದೆ, ಒಪ್ಪೋಣ. ಆದರೆ ಎಲೈಸಾ ಇರುವ ಕಡೆ ಡೆಂಗಿ ಜಾಸ್ತಿ, ಇಲ್ಲದ ಕಡೆ ಕಡಿಮೆ ಅಂತ ನಕ್ಷೆ ಬಂದರೆ ಏನು ತಿಳಿಯಬೇಕು? ಸೊಳ್ಳೆಗಳಿಗೆ ಲ್ಯಾಬ್ ವಾಸನೆ ಅಂದರೆ ಪ್ರೀತಿ ಅಂತಲಾ?

ಈ ತಮಾಷೆ ಹೊಸದೇನಲ್ಲ. ಅಮರ್ತ್ಯ ಸೇನ್ 2002ರಲ್ಲೇ ಬರೆದಿದ್ದರು. ನಿಮಗೆ ಕಾಯಿಲೆ ಇದೆಯಾ ಅಂತ ಜನರನ್ನೇ ಕೇಳಿದರೆ ಕೇರಳದವರು ಎಲ್ಲರಿಗಿಂತ ಹೆಚ್ಚು ಹೌದು ಅನ್ನುತ್ತಾರೆ, ಬಿಹಾರದವರು ತೀರ ಕಡಿಮೆ. ಆಯಸ್ಸು ನೋಡಿದರೆ ಕೇರಳವೇ ಮುಂದೆ. ಅಮೆರಿಕದವರಂತೂ ಕೇರಳದವರಿಗಿಂತಲೂ ಜಾಸ್ತಿ ಕಾಯಿಲೆ ಹೇಳಿಕೊಂಡಿದ್ದರು. ಆಸ್ಪತ್ರೆ ಹತ್ತಿರ ಇದ್ದವನಿಗೆ ತನಗೆ ಬಿಪಿ ಇದೆ ಅಂತ ಗೊತ್ತಿರುತ್ತದೆ. ಆಸ್ಪತ್ರೆ ಮುಖವನ್ನೇ ನೋಡದವನು ಸಾಯುವ ಹಿಂದಿನ ದಿನದವರೆಗೂ ಗಟ್ಟಿಮುಟ್ಟಾಗಿರುತ್ತಾನೆ, ಲೆಕ್ಕದಲ್ಲಿ.

ಸತ್ತಮೇಲಾದರೂ ಲೆಕ್ಕ ಸಿಗುತ್ತದಾ? 2020ರಲ್ಲಿ ನೋಂದಣಿಯಾದ ಸಾವುಗಳ ಪೈಕಿ ವೈದ್ಯರು ಕಾರಣ ಬರೆದುಕೊಟ್ಟದ್ದು ಶೇ 22.5ರಷ್ಟಕ್ಕೆ ಮಾತ್ರ. ಬರೆದುಕೊಟ್ಟವರಲ್ಲೂ ಕೆಲವರ ಉತ್ತರ ಅಚ್ಚು ಹಾಕಿದ ಹಾಗೆ: ಹೃದಯ ಮತ್ತು ಉಸಿರಾಟ ನಿಂತದ್ದರಿಂದ ಸಾವು. ಸುಳ್ಳೇನೂ ಅಲ್ಲ. ಹೃದಯ ಹೊಡೆದುಕೊಳ್ಳುತ್ತಿರುವಾಗಲೇ ಸತ್ತವನು ಯಾರಾದರೂ ಸಿಕ್ಕರೆ ಅದನ್ನು ಬರೆಯಬೇಕು. ಇನ್ನು 2021ರಲ್ಲಿ, ಕೊರೊನಾ ಎರಡನೇ ಅಲೆಯ ವರ್ಷ, ದೇಶದಲ್ಲಿ ಎಷ್ಟು ಸಾವು ನೋಂದಣಿಯಾಯಿತು ಅನ್ನುವುದು ಪ್ರಕಟವಾದದ್ದು 2025ರ ಮೇ ತಿಂಗಳಲ್ಲಿ. 1.02 ಕೋಟಿ. ಹಿಂದಿನ ವರ್ಷ ಅದು ಸುಮಾರು 81 ಲಕ್ಷ ಇತ್ತು. ಆ ಎರಡು ವರ್ಷದಲ್ಲಿ ಮಾಮೂಲಿಗಿಂತ ಸುಮಾರು 47 ಲಕ್ಷ ಹೆಚ್ಚುವರಿ ಸಾವು ಆಗಿದೆ ಅಂತ ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಅಂದಾಜು ಹೇಳಿದಾಗ ನಿಮ್ಮ ವಿಧಾನವೇ ಸರಿಯಿಲ್ಲ ಅಂತ ನಾವು ಗುಡುಗಿದ್ದೆವು. ಸರಿಯಾದ ಲೆಕ್ಕ ಕೊಡುವುದಕ್ಕೆ ಮಾತ್ರ ನಮಗೆ ಅವಸರ ಇರಲಿಲ್ಲ.

ಎಲ್ಲಕ್ಕಿಂತ ನನಗೆ ಇಷ್ಟವಾದದ್ದು ರಕ್ತಹೀನತೆಯ ಕಥೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 2015-16ರಲ್ಲಿ ಶೇ 53ರಷ್ಟು ಹೆಣ್ಣುಮಕ್ಕಳಿಗೆ ರಕ್ತ ಕಡಿಮೆ ಇತ್ತು. 2019-21ರಲ್ಲಿ ಅದು ಶೇ 57ಕ್ಕೆ ಏರಿತು. ಆಮೇಲೆ ಏನಾಯ್ತು ಅಂತೀರಾ? ಮುಂದಿನ ಸಮೀಕ್ಷೆಯಿಂದ ಆ ಪರೀಕ್ಷೆಯನ್ನೇ ತೆಗೆದರು. ಬೆರಳು ಚುಚ್ಚಿ ತೆಗೆದ ರಕ್ತದಲ್ಲಿ ಅಳತೆ ಸರಿ ಬರುವುದಿಲ್ಲ, ನರದಿಂದ ತೆಗೆಯಬೇಕು, ಅದಕ್ಕೆ ಬೇರೆ ಸಮೀಕ್ಷೆ ಮಾಡುತ್ತೇವೆ ಅಂತ ವಿವರಣೆ. ವಿಜ್ಞಾನದ ಮಾತು ಸರಿಯೇ. ಆದರೆ ಅದೇ ಬೆರಳು ಹಿಂದಿನ ಸಮೀಕ್ಷೆಗಳಲ್ಲೂ ಇತ್ತಲ್ವಾ? ಅಂಕಿ ಇಳಿದಿದ್ದರೆ ಆ ಬೆರಳಿನ ಮೇಲೆ ಇಷ್ಟು ಅನುಮಾನ ಬರುತ್ತಿತ್ತಾ, ಸುಮ್ನೆ ಕೇಳಿದೆ.

ನಾವೇ ಮೊದಲಿಗರೇನಲ್ಲ ಬಿಡಿ. 2020ರಲ್ಲಿ ಟಾಂಜಾನಿಯಾ 509 ಕೊರೊನಾ ಕೇಸಿಗೆ ಲೆಕ್ಕ ಕೊಡುವುದನ್ನೇ ನಿಲ್ಲಿಸಿತು, ಜೂನ್‌ನಲ್ಲಿ ಅಲ್ಲಿನ ಅಧ್ಯಕ್ಷರು ದೇಶ ಕೊರೊನಾಮುಕ್ತ ಅಂದರು. ಇಷ್ಟು ಕಡಿಮೆ ಖರ್ಚಿನ ಲಸಿಕೆಯನ್ನು ಯಾವ ಕಂಪನಿಯೂ ಇದುವರೆಗೆ ಮಾಡಿಲ್ಲ.

ಎಣಿಸುವುದಕ್ಕೆ ಹೊರಟರೆ ಏನಾಗುತ್ತದೆ ಅನ್ನುವುದೂ ಗೊತ್ತೇ ಇದೆ. ಕರ್ನಾಟಕ 2024ರ ಫೆಬ್ರವರಿಯಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕು ಅಂತ ಆದೇಶ ಮಾಡಿತು. ಒಳ್ಳೆಯ ಕೆಲಸ. ದೇಶದಲ್ಲಿ ವರ್ಷಕ್ಕೆ ಸರಾಸರಿ 58 ಸಾವಿರ ಜನ ಹಾವು ಕಡಿದು ಸಾಯುತ್ತಾರೆ ಅನ್ನುವ ಅಂದಾಜಿದ್ದಾಗ ಸರ್ಕಾರಿ ಪುಸ್ತಕದಲ್ಲಿ ಅದರ ಸಣ್ಣ ಪಾಲು ಮಾತ್ರ ಇತ್ತು. ಆದೇಶದ ನಂತರ ದಾಖಲೆಯಲ್ಲಿ ಕಡಿತ ಏರಿತು. ಇದನ್ನು ಓದಿ ಹಾವುಗಳಿಗೆ ಇತ್ತೀಚೆಗೆ ಸಿಟ್ಟು ಜಾಸ್ತಿಯಾಗಿದೆ ಅನ್ನುವವರೂ ಇರುತ್ತಾರೆ.

ಇಷ್ಟು ವರ್ಷದಲ್ಲಿ ನಂಬಿಕಸ್ಥ ವರದಿಗಾರ ಅಂತ ನಾನು ಕೈ ಮುಗಿಯುವುದಾದರೆ ಮಲೆನಾಡಿನ ಮಂಗಕ್ಕೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು, ಅದೇ ಜಾಡು ಹಿಡಿದು ಹೊರಟವರಿಗೆ ಮಂಗನ ಕಾಯಿಲೆ ತರುವ ಹೊಸದೊಂದು ವೈರಸ್ ಸಿಕ್ಕಿತು. ಇವತ್ತಿಗೂ ಅಲ್ಲಿ ಸತ್ತ ಮಂಗ ಕಂಡರೆ ಆರೋಗ್ಯ ಇಲಾಖೆ ಎಚ್ಚರವಾಗುತ್ತದೆ. ಮಂಗ ಎಲೈಸಾಗೆ ಕಾಯುವುದಿಲ್ಲ. ಸರ್ವರ್ ಡೌನ್ ಅನ್ನುವುದಿಲ್ಲ. ಮೇಲಿನವರಿಗೆ ಬೇಜಾರಾಗುತ್ತದೆ ಅಂತ ಪಕ್ಕದ ತಾಲ್ಲೂಕಿಗೆ ಹೋಗಿ ಸಾಯುವುದೂ ಇಲ್ಲ. ಸಾಲದ್ದಕ್ಕೆ, ವರ್ಗಾವಣೆ ಮಾಡುತ್ತೇವೆ ಅಂತ ಅದನ್ನು ಹೆದರಿಸಲೂ ಬರುವುದಿಲ್ಲ.