ಶುಗರ್ ಇದ್ದವರಿಗೆ ವಾಕಿಂಗ್ ಒಂದೇ ಸಾಕಾ?

ಬೆಳಿಗ್ಗೆ ಆರಕ್ಕೆ ಉಣಕಲ್ ಕೆರೆ ದಂಡೆಗೆ ಹೋದರೆ ಹುಬ್ಬಳ್ಳಿಯ ಅರ್ಧ ಶುಗರ್ ಪೇಷಂಟುಗಳು ಅಲ್ಲೇ ಸಿಗುತ್ತಾರೆ. ಧಾರವಾಡದಲ್ಲಾದರೆ ಕೆಲಗೇರಿ ಕೆರೆ, ಇಲ್ಲಾ ಯೂನಿವರ್ಸಿಟಿ ಕ್ಯಾಂಪಸ್. ಮಾತು ಮಾತ್ರ ಎಲ್ಲಾ ಕಡೆ ಒಂದೇ: "ದಿನಾ ವಾಕಿಂಗ್ ಮಾಡ್ತೀನ್ರೀ, ಆದ್ರೂ ಶುಗರ್ ಇಳೀವಲ್ದು ನೋಡ್ರಿ."

ವಾಕಿಂಗ್ ಬಿಡಿ ಅಂತ ಹೇಳುತ್ತಿಲ್ಲ. ಅದು ಬೇಕೇ ಬೇಕು. ಆದರೆ ಅದು ಅರ್ಧ ಕೆಲಸ. ಉಳಿದರ್ಧ ಭಾರ ಎತ್ತುವ ಕಸರತ್ತು. ಅದರ ಬಗ್ಗೆ ನಮ್ಮಲ್ಲಿ ಮಾತೇ ಇಲ್ಲ.

ಉಂಡ ಮೇಲೆ ರಕ್ತಕ್ಕೆ ಬರುವ ಸಕ್ಕರೆಯ ದೊಡ್ಡ ಪಾಲು ಹೋಗಿ ಸೇರುವುದು ಸ್ನಾಯುಗಳಿಗೆ. ನಮ್ಮ ಕಡೆ ಜೋಳ ತುಂಬಿಡುವ ಹಗೇವು ಇರುತ್ತಿತ್ತಲ್ಲ, ಸ್ನಾಯು ಅಂದರೆ ಸಕ್ಕರೆಯ ಹಗೇವು. ಹಗೇವು ಸಣ್ಣದಾದರೆ ಜೋಳ ಹೊರಗೇ ಉಳಿಯುತ್ತದೆ. ವಯಸ್ಸಾದಂತೆ ಸ್ನಾಯು ತಾನಾಗಿಯೇ ಕರಗುತ್ತದೆ. ಟೈಪ್ 2, ಅಂದರೆ ದೊಡ್ಡವರಲ್ಲಿ ಸಾಮಾನ್ಯವಾಗಿ ಕಾಣುವ ಶುಗರ್, ಇದ್ದವರಲ್ಲಿ ಸಕ್ಕರೆಯನ್ನು ಒಳಗೆ ಬಿಟ್ಟುಕೊಳ್ಳಲು ಹೇಳುವ ಇನ್ಸುಲಿನ್ ಹಾರ್ಮೋನಿನ ಮಾತನ್ನು ಅದು ಸರಿಯಾಗಿ ಕೇಳುವುದೂ ಇಲ್ಲ. ಆದರೆ ಸ್ನಾಯು ಬಿಗಿದು ದುಡಿಯುವಾಗ ಗ್ಲುಟ್-4 ಅನ್ನುವ ಪ್ರೋಟೀನು ಜೀವಕೋಶದ ಅಂಚಿಗೆ ಬಂದು, ಇನ್ಸುಲಿನ್‌ಗೆ ಕಾಯದೆ ಸಕ್ಕರೆಯನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ನಡೆಯುವಾಗಲೂ ಇದು ಆಗುತ್ತದೆ. ಸ್ನಾಯು ಬೆಳೆಯಬೇಕಾದರೆ ಮಾತ್ರ ಭಾರ ಬೇಕು.

"ನಾನು ಇಷ್ಟು ತೆಳ್ಳಗಿದ್ದೀನಿ, ನನಗ್ಯಾಕ ಬಂತು?" ಅನ್ನುವವರು ಪುಣೆಯ ಶುಗರ್ ಸಂಶೋಧಕ ಡಾ. ಯಾಜ್ಞಿಕ್ ಅವರ ಫೋಟೊ ನೋಡಬೇಕು. 2004ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಅವರೂ ಇಂಗ್ಲೆಂಡಿನ ಡಾ. ಯುಡ್ಕಿನ್ ಅವರೂ ಅಕ್ಕಪಕ್ಕ ನಿಂತ ಫೋಟೊ ಬಂತು. ಇಬ್ಬರ ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕದ ಲೆಕ್ಕ, 22.3. ಯುಡ್ಕಿನ್ ಮೈಯಲ್ಲಿ ಕೊಬ್ಬು ಶೇ. 9.1, ಯಾಜ್ಞಿಕ್ ಅವರಲ್ಲಿ ಶೇ. 21.2. ನೋಡಲು ತೆಳ್ಳಗೆ, ಒಳಗೆ ಕೊಬ್ಬು ಜಾಸ್ತಿ, ಸ್ನಾಯು ಕಮ್ಮಿ. ಇಂಥವರಿಗೆ "ತೂಕ ಇಳಿಸ್ರಿ" ಅಂದರೆ ಏನನ್ನು ಇಳಿಸಬೇಕು ಹೇಳಿ?

ಅಮೆರಿಕದ ಲೂಸಿಯಾನಾದಲ್ಲಿ ಟೈಪ್ 2 ಇದ್ದ 262 ಜನರ ಮೇಲೆ ಒಂಬತ್ತು ತಿಂಗಳು ಒಂದು ಅಧ್ಯಯನ ಮಾಡಿದರು. ಫಲಿತಾಂಶ 2010ರಲ್ಲಿ ಬಂತು. ಬರೀ ನಡಿಗೆ, ಬರೀ ಭಾರ, ಎರಡೂ ಸೇರಿಸಿದ್ದು, ಏನೂ ಮಾಡದ್ದು, ಹೀಗೆ ನಾಲ್ಕು ಗುಂಪು. ಏನೂ ಮಾಡದವರಿಗೆ ಹೋಲಿಸಿದರೆ ಎರಡು-ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಎಚ್‌ಬಿಎ1ಸಿ ಸ್ಪಷ್ಟವಾಗಿ ಇಳಿದದ್ದು ಎರಡೂ ಮಾಡಿದವರಲ್ಲಿ ಮಾತ್ರ. ಇಳಿದದ್ದು ಶೇಕಡಾ 0.34 ಅಂಶ, ಪವಾಡವೇನಲ್ಲ. ಹಾಗಂತ ಬಿಡುವಂಥದ್ದೂ ಅಲ್ಲ.

ನಂಗೆ ವಿಚಿತ್ರ ಅನಿಸುವುದು ಇದು: ದಂಡ, ಬೈಠಕ್, ಜಾತ್ರೆಯಲ್ಲಿ ಗುಂಡು ಎತ್ತುವುದು, ಇವೆಲ್ಲ ನಮ್ಮ ಸೀಮೆಯವೇ. ಊರೂರಿಗೆ ಗರಡಿ ಮನೆ ಇದ್ದ ನಾಡಿದು. ಈಗ ಭಾರ ಎತ್ತುವುದು ಅಂದರೆ ಕಾಲೇಜು ಹುಡುಗರ ಶೋಕಿ ಅಂದುಕೊಂಡಿದ್ದೇವೆ. ಹೆಣ್ಣುಮಕ್ಕಳಿಗಂತೂ ಗರಡಿಯ ಬಾಗಿಲು ಆಗಲೂ ಇರಲಿಲ್ಲ. ನಮ್ಮ ಓಣಿಯ ವೈನಿಯೊಬ್ಬರಿಗೆ ಹೇಳಿದೆ. "ಈ ವಯಸ್ಸಿನಾಗ ಡಂಬೆಲ್ ಹಿಡದ್ರ ಮಂದಿ ನಗತಾರ. ಮನಿ ಕೆಲಸ ಸಾಲೂದಿಲ್ಲೇನು?" ಅಂದರು. ಮನೆಗೆಲಸ ದಣಿಸುತ್ತದೆ, ನಿಜ. ಆದರೆ ಇಪ್ಪತ್ತು ವರ್ಷದಿಂದ ಅದೇ ಕೊಡ ಎತ್ತಿದರೆ ಮೈಗೆ ಅದು ಹೊಸದಲ್ಲ. ಭಾರ ಸ್ವಲ್ಪ ಸ್ವಲ್ಪ ಹೆಚ್ಚಬೇಕು.

ಜಿಮ್ಮೇ ಬೇಕಂತಿಲ್ಲ. ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು, ಗೋಡೆಗೆ ಕೈಕೊಟ್ಟು ದಂಡ ಹೊಡೆಯುವುದು, ನೀರು ತುಂಬಿದ ಎಣ್ಣೆ ಕ್ಯಾನ್ ಎತ್ತುವುದು. ವಾರಕ್ಕೆ ಎರಡು-ಮೂರು ಸಲ, ನಡುವೆ ಒಂದು ದಿನ ಬಿಟ್ಟು. ಕೊನೆಯ ಎರಡು-ಮೂರು ಎತ್ತು ಕಷ್ಟ ಅನಿಸಬೇಕು, ಸುಮ್ನೆ ಕೈ ಆಡಿಸಿದರೆ ಆಗಲ್ಲ.

ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ಅನ್ನುವ ಶುಗರ್ ಮಾತ್ರೆ ತಗೊಳ್ಳುವವರು ಮೊದಲು ಡಾಕ್ಟರನ್ನು ಕೇಳಲೇಬೇಕು. ಶುಗರ್ 70ಕ್ಕಿಂತ ಕೆಳಗೆ ಬೀಳಬಹುದು, ಜೇಬಿನಲ್ಲಿ ಗ್ಲುಕೋಸ್ ಇರಲಿ. ಕಣ್ಣಿನ ಒಳಪರದೆಗೆ (ರೆಟಿನಾ) ತೊಂದರೆ ಇದ್ದವರು ಉಸಿರು ಬಿಗಿಹಿಡಿದು ದೊಡ್ಡ ಭಾರ ಎತ್ತಬಾರದು. ಪಾದ ಜೋಮು ಹಿಡಿಯುವವರು ಬರಿಗಾಲಲ್ಲಿ ಮಾಡಬೇಡಿ.

ಇನ್ನು ಜಿಮ್ ನಡೆಸುವವರಿಗೆ ಒಂದು ಮಾತು. ಬೆಳಿಗ್ಗೆ ಹತ್ತರ ಮೇಲೆ ನಿಮ್ಮ ಜಿಮ್ ಹೇಗೂ ಖಾಲಿ ಹೊಡೆಯುತ್ತಿರುತ್ತದೆ, ಅಲ್ವಾ? ಆ ಹೊತ್ತನ್ನು ಐವತ್ತು ದಾಟಿದವರಿಗೆ ಕಮ್ಮಿ ಫೀಗೆ ಕೊಡಿ. ಹಾಡಿನ ಸೌಂಡೂ ಸ್ವಲ್ಪ ಇಳಿಸಿ. ನಮ್ಮ ವೈನಿಯನ್ನು ಕರಕೊಂಡು ಬರುವ ಜವಾಬ್ದಾರಿ ನನ್ನದು.