ಮಂಗಳೂರಿನ ಫೈಲಲ್ಲೇ ಉಳಿದ ನಮ್ಮೂರಿನ ಕಾಯಿಲೆ

ಕೇರಳದ ಗಡಿಜಿಲ್ಲೆ ಕಾಸರಗೋಡಿನ ಮಂಜೇಶ್ವರದಲ್ಲಿ ಒಬ್ಬರಿಗೆ ಎದೆನೋವು ಬಂದರೆ ಕಾರು ಎತ್ತ ತಿರುಗುತ್ತದೆ? ತಲಪಾಡಿ ದಾಟಿ ದೇರಳಕಟ್ಟೆಗೆ, ಇಲ್ಲವೇ ಮಂಗಳೂರಿಗೆ. ಕುಂಬಳೆ, ಪೈವಳಿಕೆ, ಬದಿಯಡ್ಕದವರಿಗೂ ದೊಡ್ಡ ಕಾಯಿಲೆ ಅಂದರೆ ಮಂಗಳೂರೇ. 2020ರ ಮಾರ್ಚ್‌ನಲ್ಲಿ ಕೋವಿಡ್ ಅಂತ ಕರ್ನಾಟಕ ಗಡಿ ಮುಚ್ಚಿದಾಗ ಆಂಬುಲೆನ್ಸ್‌ಗಳು ವಾಪಸ್ ಬಂದು ಜೀವಗಳು ಹೋದದ್ದನ್ನು ನಾವ್ಯಾರೂ ಮರೆತಿಲ್ಲ. ಆಮೇಲೆ ರಸ್ತೆ ತೆರೆಯಿತು. ಆದರೆ ಅಲ್ಲಿಗೆ ಹೋದ ನಮ್ಮ ಕಾಯಿಲೆಯ ಲೆಕ್ಕ ಮಾತ್ರ ನಮ್ಮ ಊರಿಗೆ ವಾಪಸ್ ಬರುವುದೇ ಇಲ್ಲ.

ನಮ್ಮ ಪಕ್ಕದ ಮನೆಯ ಅಜ್ಜಿಯೊಬ್ಬರ ಹತ್ತಿರ ಬಟ್ಟೆ ಅಂಗಡಿಯ ಒಂದು ಪ್ಲಾಸ್ಟಿಕ್ ಕವರ್ ಇದೆ. ಅದರೊಳಗೆ ಅವರ ಇಡೀ ಆರೋಗ್ಯ. ಅಕ್ಷರ ಮಾಸಿದ ಇಸಿಜಿ ಕಾಗದ, ಎರಡು ಆಸ್ಪತ್ರೆಯ ಡಿಸ್ಚಾರ್ಜ್ ಸಮ್ಮರಿ, ಮೂರು ಲ್ಯಾಬ್‌ನ ಶುಗರ್ ರಿಪೋರ್ಟ್. ನಮ್ಮ ಹೆಲ್ತ್ ಸೆಂಟರಿನಲ್ಲಿ ಬಿಪಿ ಮಾತ್ರೆ ಕೊಡುವವರಿಗೆ ಮಂಗಳೂರಿನಲ್ಲಿ ಆ ಮಾತ್ರೆ ಬದಲಾಯಿಸಿದ್ದು ಗೊತ್ತಿರಲಿಲ್ಲ. ಸ್ವಲ್ಪ ದಿನ ಅಜ್ಜಿ ಎರಡನ್ನೂ ನುಂಗಿದರು. ತಲೆ ತಿರುಗಿ ಅಂಗಳದಲ್ಲಿ ಬಿದ್ದ ಮೇಲೆಯೇ ವಿಷಯ ಗೊತ್ತಾದದ್ದು.

ಒಬ್ಬರ ಕಥೆ ಇಷ್ಟಾದರೆ, ಇಡೀ ಊರಿನದ್ದು? ನಮ್ಮ ಪಂಚಾಯತಿನಿಂದ ಎಷ್ಟು ಜನ ವಾರಕ್ಕೆ ಎರಡು ಮೂರು ಸಲ ಬಸ್ಸು ಹತ್ತಿ ಡಯಾಲಿಸಿಸ್‌ಗೆ ಹೋಗುತ್ತಾರೆ? ಯಾವ ವಾರ್ಡಿನಲ್ಲಿ ಕ್ಯಾನ್ಸರ್ ಜಾಸ್ತಿ? ಈ ಮಳೆಗಾಲದಲ್ಲಿ ಇಲಿಜ್ವರ, ಡೆಂಗಿ ಎಲ್ಲಿಂದ ಶುರುವಾಯಿತು? ಮಂಗಳೂರಿನ ಬೇರೆ ಬೇರೆ ಆಸ್ಪತ್ರೆಗಳ ಕಂಪ್ಯೂಟರಿನಲ್ಲಿ ಈ ಉತ್ತರಗಳು ತುಂಡು ತುಂಡಾಗಿ ಬಿದ್ದಿವೆ. ಅವನ್ನು ಒಟ್ಟು ಸೇರಿಸಿ ನೋಡುವವರಿಲ್ಲ.

ಲೆಕ್ಕ ಇಟ್ಟರೆ ಏನಾಗುತ್ತದೆ ಅಂತ ಬೇರೆ ಯಾವ ಜಿಲ್ಲೆಯವರೂ ಕಾಸರಗೋಡಿನವರಿಗೆ ಹೇಳಿಕೊಡಬೇಕಾಗಿಲ್ಲ. ಎಣ್ಮಕಜೆ ಪಂಚಾಯತಿನ ಪಡ್ರೆಯಲ್ಲಿ ಡಾ. ವೈ. ಎಸ್. ಮೋಹನ ಕುಮಾರ್ ಒಂದು ಸಣ್ಣ ಕ್ಲಿನಿಕ್ಕಿನಲ್ಲಿ ವರ್ಷಗಟ್ಟಲೆ ಕೂತು ರೋಗಿಗಳನ್ನು ನೋಡಿದರು. ಒಂದೇ ಆಸುಪಾಸಿನ ಮನೆಗಳಲ್ಲಿ ಇಷ್ಟೊಂದು ಕ್ಯಾನ್ಸರ್, ನರದ ಕಾಯಿಲೆ, ಬುದ್ಧಿ ಬೆಳೆಯದ ಮಕ್ಕಳು ಯಾಕೆ ಎಂಬ ಪ್ರಶ್ನೆ ಅವರನ್ನು ಬಿಡಲಿಲ್ಲ. ಮೇಲಿನ ಗುಡ್ಡದ ಗೇರು ತೋಟಕ್ಕೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿಯುತ್ತಿತ್ತು, ಎರಡು ದಶಕಕ್ಕೂ ಹೆಚ್ಚು ಕಾಲ. ಆಮೇಲೆ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಬಂದು, ತೋಟದ ಬುಡದ ಊರಿನ 117 ಹುಡುಗರನ್ನೂ ಸಿಂಪಡಣೆ ಇಲ್ಲದ ಕಡೆಯ 90 ಹುಡುಗರನ್ನೂ ಪರೀಕ್ಷಿಸಿ ಹೋಲಿಸಿದರು. ತೋಟದ ಬುಡದ ಹುಡುಗರಲ್ಲಿ ಪ್ರಾಯಕ್ಕೆ ಬರುವುದೇ ತಡವಾಗುತ್ತಿತ್ತು. 2003ರಲ್ಲಿ ಅದು ಪ್ರಕಟವಾಯಿತು. 2011ರಲ್ಲಿ ಸುಪ್ರೀಂ ಕೋರ್ಟ್ ದೇಶದಲ್ಲೇ ಎಂಡೋಸಲ್ಫಾನ್ ತಡೆಯಿತು.

ಒಬ್ಬ ವೈದ್ಯರು ಒಂದೇ ಕಡೆ ಕೂತು ನೋಡಿದ್ದರಿಂದ ಇದು ಕಣ್ಣಿಗೆ ಬಿತ್ತು. ಆ ಮಕ್ಕಳು ಒಬ್ಬೊಬ್ಬರೂ ಒಂದೊಂದು ಆಸ್ಪತ್ರೆಗೆ ಹೋಗಿದ್ದರೆ? ಇವತ್ತು ನಾವು ಮಾಡುತ್ತಿರುವುದು ಅದನ್ನೇ ಅಲ್ವಾ?

ಗಡಿಯಾಚೆ ದಕ್ಷಿಣ ಕನ್ನಡದ ಕೊಕ್ಕಡ, ಪಟ್ರಮೆ, ನಿಡ್ಲೆಯಲ್ಲೂ ಅದೇ ವಿಷ ಬಿತ್ತು. ಅಲ್ಲಿಯ ಸಂತ್ರಸ್ತರ ಪಟ್ಟಿ ಕರ್ನಾಟಕದ್ದು, ಇಲ್ಲಿಯ ಪಟ್ಟಿ ಕೇರಳದ್ದು. ಇಲ್ಲಿ ಆರು ಸಾವಿರಕ್ಕೂ ಜಾಸ್ತಿ ಹೆಸರಿದ್ದರೂ, ಪಟ್ಟಿಗೆ ಸೇರಿಸಿ ಅಂತ ತಾಯಂದಿರು ಮಕ್ಕಳನ್ನು ಎತ್ತಿಕೊಂಡು ರಸ್ತೆಯಲ್ಲಿ ಕೂರಬೇಕಾಯಿತು. ಮೊದಲಿನಿಂದಲೇ ಹುಟ್ಟು, ಸಾವು, ಕಾಯಿಲೆಯ ಲೆಕ್ಕ ಸರಿಯಾಗಿ ಇದ್ದಿದ್ದರೆ ಆ ತಾಯಂದಿರು ಏನನ್ನೂ ಸಾಬೀತು ಮಾಡಬೇಕಿರಲಿಲ್ಲ. ಇದನ್ನು ಬರೆಯುವಾಗಲೂ ನನಗೆ ಸಿಟ್ಟು ಬರುತ್ತದೆ.

ಮಂಗಳೂರಿನದ್ದೇ ಒಂದು ಒಳ್ಳೆ ಉದಾಹರಣೆಯೂ ಇದೆ. ಅಲ್ಲಿ ಮಲೇರಿಯಾ ಜೋರಾಗಿದ್ದಾಗ ಪತ್ತೆಯಾದ ಕೇಸುಗಳನ್ನು ಡಿಜಿಟಲ್ ವ್ಯವಸ್ಥೆಗೆ ಹಾಕಿದರು. ಟ್ಯಾಬ್ ಹಿಡಿದ ಕಾರ್ಯಕರ್ತರು ಆ ವಿಳಾಸಕ್ಕೆ ಹೋಗಿ ಸುತ್ತಲಿನ ಸೊಳ್ಳೆ ಹುಟ್ಟುವ ಜಾಗ ನೋಡಿದರು. ಕೆಲವೇ ವರ್ಷದಲ್ಲಿ ಮಲೇರಿಯಾ ಬಹಳ ಇಳಿಯಿತು. ಈಗ ಮಂಜೇಶ್ವರದ ಹುಡುಗನೊಬ್ಬ ಮಂಗಳೂರಿನಲ್ಲಿ ಗಾರೆ ಕೆಲಸ ಮಾಡಿ ಜ್ವರ ಹಿಡಿದು ಮನೆಗೆ ಬಂದ ಅಂತಿಟ್ಟುಕೊಳ್ಳಿ. ಆ ಸುದ್ದಿ ನಮ್ಮ ಆಶಾ ಕಾರ್ಯಕರ್ತೆಗೆ ಅದೇ ದಿನ ಮುಟ್ಟಬೇಕು. ನಾನು ಕೇಳುವುದು ಇಷ್ಟೇ.

2021ರಿಂದ ದೇಶಕ್ಕೆಲ್ಲ ಒಂದೇ ಥರದ 14 ಅಂಕೆಯ ಆಭಾ ನಂಬರ್ (ಒಬ್ಬರ ಆರೋಗ್ಯ ದಾಖಲೆಗಳನ್ನು ಒಟ್ಟು ಜೋಡಿಸುವ ನಂಬರ್) ಇದೆಯಲ್ಲ, ಅದು ಸಾಲದಾ ಅಂತ ಕೆಲವರು ಕೇಳುತ್ತಾರೆ. ಅಜ್ಜಿಯ ಪ್ಲಾಸ್ಟಿಕ್ ಕವರಿಗೆ ಅದು ಉಪಯೋಗ, ಖಂಡಿತ ಮಾಡಿಸಿಕೊಳ್ಳಿ. ಆದರೆ ಊರಿನ ಚಿತ್ರ ಅದರಿಂದ ತಾನಾಗಿ ಮೂಡುವುದಿಲ್ಲ. ಅದಕ್ಕೆ ಕಾಸರಗೋಡು, ದಕ್ಷಿಣ ಕನ್ನಡ ಎರಡು ಜಿಲ್ಲೆಯ ಆರೋಗ್ಯ ಇಲಾಖೆಗಳು ಕೂತು, ಯಾವ ಪಂಚಾಯತಿನಿಂದ ಯಾವ ಕಾಯಿಲೆಗೆ ಎಷ್ಟು ಜನ ಬಂದರು ಎಂಬ ಲೆಕ್ಕವನ್ನು ತಿಂಗಳಿಗೊಮ್ಮೆ ಹಂಚಿಕೊಳ್ಳಬೇಕು. ಆಸ್ಪತ್ರೆಗಳು ಅದನ್ನು ಕೊಡುವಂತೆ ಮಾಡಬೇಕು.

ಹೆಸರು ಬೇಡವೇ ಬೇಡ. ಹೆಸರು ತೆಗೆದರೂ ಸಾಲದು. ಸಣ್ಣ ವಾರ್ಡಿನಲ್ಲಿ ‘ಒಬ್ಬರಿಗೆ ಟಿಬಿ’ ಅಂತ ಹಾಕಿದರೆ ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗುತ್ತದೆ. ಎಂಡೋಸಲ್ಫಾನ್ ಊರು ಅಂತ ಹೆಸರು ಬಿದ್ದ ಮೇಲೆ ಎಷ್ಟು ಮನೆಯ ಮದುವೆ ಸಂಬಂಧ ತಪ್ಪಿತು ಅಂತ ಇಲ್ಲಿಯವರಿಗೆ ಗೊತ್ತು. ಹಾಗಾಗಿ ಸಂಖ್ಯೆ ತೀರಾ ಸಣ್ಣದಿದ್ದರೆ ವಾರ್ಡಿನದ್ದು ಹೊರಗೆ ಹಾಕದೆ ಪಂಚಾಯತಿನ ಒಟ್ಟು ಲೆಕ್ಕದಲ್ಲಿ ಸೇರಿಸಬೇಕು. ವಿಮಾ ಕಂಪನಿಗೆ, ಔಷಧ ಕಂಪನಿಗೆ ಇದು ಹೋಗಲೇಬಾರದು.

ಮತ್ತೆ, ಆ ಲೆಕ್ಕ ನಮಗೆ ಕನ್ನಡದಲ್ಲಿ ಸಿಗಬೇಕು. ಮನೆಗೆ ಬಂದು ಪ್ರಶ್ನೆ ಕೇಳಿ ಫೋನಿನಲ್ಲಿ ಒತ್ತಿಕೊಂಡು ಹೋಗುತ್ತಾರೆ, ಸರಿ. ನಾವೂ ಮನಸ್ಸು ಬಿಚ್ಚಿ ಹೇಳುತ್ತೇವೆ. ಕೊನೆಗೆ ಏನು ಗೊತ್ತಾಯಿತು ಅಂತ ನಮಗೆ ಯಾರೂ ಬಂದು ಹೇಳಿಲ್ಲ.

ಕೇರಳದಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರ ಪಂಚಾಯತಿನ ಕೈಯಲ್ಲಿದೆ. ಮುಂದಿನ ಗ್ರಾಮಸಭೆಗೆ ಹೋಗಿ, ರಸ್ತೆ, ಬೀದಿದೀಪದ ಜೊತೆಗೆ ಇದನ್ನೂ ಕೇಳಿ: ಕಳೆದ ವರ್ಷ ನಮ್ಮ ಪಂಚಾಯತಿನವರು ಯಾವ ಕಾಯಿಲೆಗೆ ಜಾಸ್ತಿ ಮಂಗಳೂರಿಗೆ ಹೋದರು? ಉತ್ತರ ಇಲ್ಲ ಅಂದರೆ, ಎರಡೂ ಜಿಲ್ಲೆಯ ಆರೋಗ್ಯಾಧಿಕಾರಿಗಳಿಗೆ ಬರೆಯಬೇಕು ಅಂತ ಅಲ್ಲೇ ಒಂದು ನಿರ್ಣಯ ಮಾಡಿಸಿ, ಮಿನಿಟ್ಸ್ ಪುಸ್ತಕದಲ್ಲಿ ಬರೆಸಿ.